ಕಾರಿನ ಕರೆಂಟು, ನಾಜೂಕು ಯಂತ್ರ: ಮಾಡಬೇಕಾದ್ದು, ಮಾಡಬಾರದ್ದು

ಕಾರಿನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡುವವರು, ಗಾಜಿಗೆ ಡ್ಯಾಶ್‌ಕ್ಯಾಮ್ ಅಂಟಿಸಿಕೊಂಡವರು, ಮಳೆಗಾಲದಲ್ಲಿ ಕರೆಂಟು ಹೋದಾಗ ವೈಫೈ ರೂಟರನ್ನು ಕಾರಿನ ಬ್ಯಾಟರಿಗೆ ಕಟ್ಟುವವರು, ಮದುವೆ ಮನೆಗೆ ಕ್ಯಾಮೆರಾ, ಡ್ರೋನ್ ಹೊತ್ತು ಹೋಗುವ ವಿಡಿಯೊದವರು, ಮನೆಯ ಹಿರಿಯರನ್ನು ಆಮ್ಲಜನಕದ ಯಂತ್ರದ ಸಮೇತ ಜಿಲ್ಲಾಸ್ಪತ್ರೆಗೆ ಕರೆದೊಯ್ಯುವವರು, ಇವರೆಲ್ಲರಿಗೂ ಈ ಸೂಚನೆ. ದಯವಿಟ್ಟು ಒಂದನ್ನೂ ಬಿಡದೆ ಪಾಲಿಸಿ. ಇಲ್ಲಿ ಹೇಳಿದ ಬಹುಪಾಲು ಕೆಲಸಗಳಿಗೆ ಖರ್ಚಿಲ್ಲ, ಅಭ್ಯಾಸ ಬದಲಿಸಿಕೊಂಡರೆ ಸಾಕು.

ಮೊದಲು ಒಂದು ವಿಷಯ ಮನಸ್ಸಿಗೆ ಬರಲಿ. ಕಾರಿನ ಬ್ಯಾಟರಿಯ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಅಲ್ಲಿ ಸರಿಯಾಗಿ 12 ಸಿಗುವುದು ಅಪರೂಪ. ಆರು ಸೆಲ್ಲುಗಳ ಬ್ಯಾಟರಿ ಪೂರ್ತಿ ಚಾರ್ಜಾಗಿ ಸುಮ್ಮನೆ ಕೂತಿದ್ದರೆ ಸುಮಾರು 12.6 ವೋಲ್ಟ್. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಅದನ್ನು 13.8ರಿಂದ 14.4ರವರೆಗೆ ಏರಿಸುತ್ತದೆ. ಇಂಧನ ಉಳಿಸಲೆಂದು ಕಂಪ್ಯೂಟರೇ ಆಲ್ಟರ್ನೇಟರನ್ನು ಆಳುವ ಹೊಸ ಕಾರುಗಳಲ್ಲಿ ಅದು 12ರ ಆಸುಪಾಸಿನಿಂದ 15ರ ಹತ್ತಿರದವರೆಗೂ ಏರಿಳಿಯುತ್ತದೆ. ಸೆಲ್ಫ್ ಹೊಡೆದ ಗಳಿಗೆಯಲ್ಲಿ ಸ್ಟಾರ್ಟರ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಆಗ ವೋಲ್ಟೇಜ್ 9ಕ್ಕೆ ಇಳಿಯುತ್ತದೆ, ಬ್ಯಾಟರಿ ಹಳೆಯದಾಗಿದ್ದರೆ 6ರ ಹತ್ತಿರಕ್ಕೂ ಕುಸಿಯುತ್ತದೆ. ಹಾರ್ನ್, ವೈಪರ್ ಮೋಟಾರ್, ಎಸಿ ಕಂಪ್ರೆಸರಿನ ಕ್ಲಚ್, ರಿಲೇ ಇವುಗಳ ಒಳಗೆಲ್ಲ ತಂತಿಯ ಸುರುಳಿಗಳಿವೆ. ಅವು ಆಫ್ ಆಗುವಾಗ ಕಣ್ಣಿಗೆ ಕಾಣದಷ್ಟು ಚಿಕ್ಕ ಹೊತ್ತಿಗೆ ಉಲ್ಟಾ ದಿಕ್ಕಿನ ದೊಡ್ಡ ಏಟು ವೈರಿಂಗಿನೊಳಗೆ ಓಡುತ್ತದೆ. ವಾಹನದ ಉಪಕರಣಗಳನ್ನು ಪರೀಕ್ಷಿಸುವ ಐಎಸ್‌ಒ 7637-2 ಎಂಬ ಮಾನದಂಡದಲ್ಲಿ 12 ವೋಲ್ಟಿನ ಉಪಕರಣಕ್ಕೆ ಮೈನಸ್ 75 ವೋಲ್ಟ್ ಮತ್ತು ಅದಕ್ಕಿಂತ ಜೋರಾದ ಏಟುಗಳನ್ನು ಕೊಟ್ಟು ನೋಡುತ್ತಾರೆ. ಕಾರ್ಖಾನೆಯಿಂದ ಕಾರಿನ ಜೊತೆಗೇ ಬಂದ ಸ್ಟೀರಿಯೊ ಇಂಥ ಪರೀಕ್ಷೆ ದಾಟಿ ಬಂದಿದೆ. ಮನೆಯ ಅಡಾಪ್ಟರಿನ ನಯವಾದ ಕರೆಂಟಿಗೆಂದು ಮಾಡಿದ ನಿಮ್ಮ ರೂಟರ್, ಹಾರ್ಡ್ ಡಿಸ್ಕ್, ಕ್ಯಾಮೆರಾ ಚಾರ್ಜರ್ ದಾಟಿ ಬಂದಿಲ್ಲ.

ಎಂಜಿನ್ ಮೊದಲು, ಪ್ಲಗ್ ಆಮೇಲೆ

ಕಾರು ಸ್ಟಾರ್ಟ್ ಮಾಡುವ ಮುಂಚೆ ಲೈಟರ್ ಸಾಕೆಟ್ಟಿನಲ್ಲಿ ಇರುವುದನ್ನೆಲ್ಲ ತೆಗೆದಿಡಿ. ಸ್ಟಾರ್ಟ್ ಆಗಿ, ಎಂಜಿನ್ನಿನ ಸದ್ದು ಹದಕ್ಕೆ ಬಂದು, ಒಂದು ನಿಮಿಷ ಕಳೆದ ಮೇಲೆ ಚಾರ್ಜರ್ ಸಿಕ್ಕಿಸಿ. ಅದರ ದೀಪ ಹೊತ್ತಿದ್ದನ್ನು ನೋಡಿಕೊಂಡು ಕಡೆಗೆ ಯಂತ್ರಕ್ಕೆ ತಂತಿ ಕೊಡಿ. ನಿಲ್ಲಿಸುವಾಗ ಕ್ರಮ ಉಲ್ಟಾ: ಮೊದಲು ಯಂತ್ರ, ಆಮೇಲೆ ಚಾರ್ಜರ್, ಕಡೆಗೆ ಕೀ.

ಕೀ ತೆಗೆದರೆ ಸಾಕೆಟ್ ತಾನೇ ಆಫ್ ಆಗುತ್ತದೆ ಎಂದು ನಂಬಿ ಕೂರಬೇಡಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಸಾಕೆಟ್ಟಿನಲ್ಲಿ ಕರೆಂಟು ಇರುತ್ತದೆ. ಇನ್ನು ಹಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಷ್ಟು ಹೊತ್ತು ಕಡಿದು, ಎಂಜಿನ್ ಹತ್ತಿದ ಕೂಡಲೇ ಮತ್ತೆ ಬರುತ್ತದೆ. ಮೆಮೊರಿ ಕಾರ್ಡಿನಿಂದ ಹಾರ್ಡ್ ಡಿಸ್ಕಿಗೆ ಫೈಲು ಇಳಿಯುತ್ತಿರುವಾಗ ಆ ಅರೆಗಳಿಗೆಯ ಕಡಿತ ಸಾಕು. ಮದುವೆಯ ಇಡೀ ಧಾರೆಯ ಶೂಟಿಂಗ್ ತೆರೆಯಲಾಗದ ಫೈಲಾಗಿ ಕೂರುತ್ತದೆ. ಧಾರೆಯನ್ನು ಇನ್ನೊಮ್ಮೆ ಎರೆಸಲು ಬರುವುದಿಲ್ಲ. ಇಂಥ ಕೆಲಸವನ್ನು ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿಯ ಮೇಲೆ, ಕಾರಿನ ತಂತಿ ತೆಗೆದಿಟ್ಟು ಮಾಡಿ.

ಸಿಗ್ನಲ್ಲಿನಲ್ಲಿ ತಾನೇ ನಿಂತು, ಕ್ಲಚ್ ಒತ್ತಿದರೆ ತಾನೇ ಹತ್ತುವ ಎಂಜಿನ್ ನಿಮ್ಮದಾಗಿದ್ದರೆ, ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿನಲ್ಲಿ ಸೆಲ್ಫ್ ಹೊಡೆದಾಗಿನ ವೋಲ್ಟೇಜ್ ಕುಸಿತ ಎಷ್ಟೋ ಸಲ ಆಗುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಲು ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಇದ್ದರೆ, ಯಂತ್ರ ಜೋಡಿಸುವ ಮೊದಲು ಅದನ್ನು ಒತ್ತಿ. ಬಹಳ ಕಾರುಗಳಲ್ಲಿ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಹೊಸದಾಗಿ ಒತ್ತಬೇಕಾಗುತ್ತದೆ, ಮರೆಯಬೇಡಿ.

ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಬಿಚ್ಚಬೇಡಿ, ಬಿಚ್ಚಲು ಬಿಡಲೂಬೇಡಿ

ಈ ಸೂಚನೆಯಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳಲು ಸಾಧ್ಯ ಎನ್ನುವವರು ಇದನ್ನು ಇಟ್ಟುಕೊಳ್ಳಿ. ಆಲ್ಟರ್ನೇಟರ್ ಸರಿಯಾಗಿದೆಯೇ ಎಂದು ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಮೈನಸ್ ಕಳಚುವ ರೂಢಿ ಎಷ್ಟೋ ಗ್ಯಾರೇಜುಗಳಲ್ಲಿ ಇಂದಿಗೂ ಇದೆ. ಎಂಜಿನ್ ನಿಲ್ಲಲಿಲ್ಲವಾದರೆ 'ಡೈನಮೋ ಚೆನ್ನಾಗಿದೆ' ಎನ್ನುತ್ತಾರೆ. ಕಾರಿನಲ್ಲಿ ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಇದು ನಡೆಯುತ್ತಿತ್ತು. ಇಂದು ನಡೆಯುವುದಿಲ್ಲ.

ಕಾರಣ ಹೀಗಿದೆ. ಆಲ್ಟರ್ನೇಟರ್ ಬ್ಯಾಟರಿಗೆ ಜೋರಾಗಿ ಕರೆಂಟು ತುಂಬುತ್ತಿರುವಾಗ ಬ್ಯಾಟರಿ ಕಾಲುವೆಯ ಕೊನೆಯ ಕೆರೆಯ ಹಾಗೆ ಬಂದದ್ದನ್ನೆಲ್ಲ ತನ್ನೊಳಗೆ ಇಳಿಸಿಕೊಳ್ಳುತ್ತದೆ. ಒಮ್ಮೆಲೇ ಆ ದಾರಿ ಮುಚ್ಚಿದರೆ ಹರಿವು ಕೂಡಲೇ ನಿಲ್ಲುವುದಿಲ್ಲ. ಆಲ್ಟರ್ನೇಟರಿನ ಒಳಗಿನ ಕಾಂತಶಕ್ತಿ ಇಳಿಯಲು ಒಂದಿಷ್ಟು ಸಮಯ ಬೇಕು. ಅಷ್ಟರಲ್ಲಿ ವೋಲ್ಟೇಜ್ ಚಿಮ್ಮುತ್ತದೆ. ಎಂಜಿನಿಯರುಗಳು ಇದನ್ನು ಲೋಡ್ ಡಂಪ್ ಎನ್ನುತ್ತಾರೆ. ತಡೆಯಿಲ್ಲದ ಆಲ್ಟರ್ನೇಟರಿಗೆ ಐಎಸ್‌ಒ 16750-2 ಮಾನದಂಡ ಇಟ್ಟುಕೊಂಡಿರುವ ಪರೀಕ್ಷೆಯ ಅಂಕಿ 79ರಿಂದ 101 ವೋಲ್ಟ್, 40ರಿಂದ 400 ಮಿಲಿಸೆಕೆಂಡಿನವರೆಗೆ. ಆಲ್ಟರ್ನೇಟರಿನ ಒಳಗೇ ತಡೆ ಇದ್ದರೂ 35 ವೋಲ್ಟಿನವರೆಗೆ ಏರಬಹುದು. 400 ಮಿಲಿಸೆಕೆಂಡ್ ಎಂದರೆ ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತು; ಆದರೆ ಒಂದು ಚಿಪ್ ಸಾಯಲು ಅದು ಬಹಳ ದೀರ್ಘ ಕಾಲ. ಅಗ್ಗದ ಮೊಬೈಲ್ ಚಾರ್ಜರಿನೊಳಗಿನ ಚಿಪ್ಪಿಗೆ 30–40 ವೋಲ್ಟ್ ದಾಟಿದರೆ ಉಳಿಗಾಲವಿಲ್ಲ. ಅದು ಶಾರ್ಟ್ ಆಗಿ ಸತ್ತರೆ ಮುಂದಿನ ಏಟು ನೇರ ನಿಮ್ಮ ಫೋನಿಗೆ.

ಇದೇ ಕಾರಣಕ್ಕೆ ಇನ್ನೊಂದು ರಸ್ತೆಬದಿಯ ಉಪಾಯವನ್ನೂ ಕೈಬಿಡಿ. ಬ್ಯಾಟರಿ ಡೌನ್ ಆದಾಗ ಬೇರೆ ಕಾರಿನ ಬ್ಯಾಟರಿ ಇಟ್ಟು ಎಂಜಿನ್ ಹತ್ತಿಸಿ, ಓಡುತ್ತಿರುವಾಗಲೇ ಅದನ್ನು ಕಿತ್ತು ತಮ್ಮ ಬ್ಯಾಟರಿ ಕೂರಿಸುವವರಿದ್ದಾರೆ. ಅದು ಬೇಡವೇ ಬೇಡ. ಆಲ್ಟರ್ನೇಟರ್ ಪರೀಕ್ಷಿಸಬೇಕೆಂದರೆ ಮಲ್ಟಿಮೀಟರ್ ಇಟ್ಟು ನೋಡಿ: ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.5ರಿಂದ 14.7ರೊಳಗೆ ಕಂಡರೆ ಸಾಮಾನ್ಯವಾಗಿ ಸರಿಯಾಗಿದೆ. ಮೆಕ್ಯಾನಿಕ್ ತಂತಿಗೆ ಕೈ ಹಾಕಿದರೆ ಸಂಕೋಚಪಡದೆ 'ಅಣ್ಣ, ಮೊದಲು ಎಂಜಿನ್ ಆಫ್ ಮಾಡಿ' ಎಂದು ಹೇಳಿ. ಟರ್ಮಿನಲ್ ಸಡಿಲವಾಗಿದ್ದರೂ ಇದೇ ಅನಾಹುತ ಆಗುತ್ತದೆ. ಹಳ್ಳದ ರಸ್ತೆಯ ಕುಲುಕಾಟಕ್ಕೆ ತಂತಿ ಬಿಟ್ಟು ಕೂಡಿ ಮಾಡುತ್ತಿದ್ದರೆ ಪ್ರತಿ ಕುಲುಕಿಗೂ ಒಂದು ಚಿಮ್ಮು. ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಎಂಜಿನ್ ನಿಲ್ಲಿಸಿ, ತೊಳೆದು, ಒಣಗಿಸಿ, ಬಿಗಿ ಮಾಡಿಸಿ.

ಲಾರಿಯಿಂದ ಜಂಪ್ ಸ್ಟಾರ್ಟ್ ಬೇಡ

ಘಾಟಿಯಲ್ಲಿ ಕಾರು ನಿಂತು, ಹಿಂದೆ ಬಂದ ಲಾರಿಯವರು ಸಹಾಯಕ್ಕೆ ಇಳಿಯುವುದು ನಮ್ಮ ಹೆದ್ದಾರಿಗಳ ದೊಡ್ಡ ಗುಣ. ನೀರು ಪಡೆಯಿರಿ, ತಳ್ಳಿಸಿಕೊಳ್ಳಿ, ಕರೆಂಟು ಮಾತ್ರ ಪಡೆಯಬೇಡಿ. ಭಾರಿ ಲಾರಿ, ಬಸ್ಸು, ಟಿಪ್ಪರುಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಕಟ್ಟಿ 24 ವೋಲ್ಟ್ ಮಾಡಿರುತ್ತಾರೆ. ಎಂಜಿನ್ ಓಡುವಾಗ ಅದು 28ರ ಹತ್ತಿರ. ಎರಡರಲ್ಲಿ ಒಂದೇ ಬ್ಯಾಟರಿಯಿಂದ ಎಳೆಯೋಣ ಎಂಬ ಸಲಹೆಗೂ ಒಪ್ಪಬೇಡಿ. ಯಾವುದರ ಮೈನಸ್ ಬಾಡಿಗೆ ಕೂಡಿದೆ ಎಂಬುದು ಕತ್ತಲಲ್ಲಿ ತಪ್ಪಿದರೆ ತಂತಿಯೇ ಹೊತ್ತಿಕೊಳ್ಳುತ್ತದೆ. ಇನ್ನೊಂದು ಕಾರಿನಿಂದ ಜಂಪ್ ಮಾಡುವಾಗಲೂ ನಿಮ್ಮ ಎಲ್ಲ ಯಂತ್ರಗಳನ್ನು ಮೊದಲು ಕಿತ್ತಿಡಿ, ಕೇಬಲ್ ಪೂರ್ತಿ ತೆಗೆದ ಮೇಲಷ್ಟೇ ಮತ್ತೆ ಜೋಡಿಸಿ. ಮನೆಯಲ್ಲಿ ದೊಡ್ಡ ಚಾರ್ಜರಿಗೆ ಹಾಕಿ ಬ್ಯಾಟರಿ ಬೂಸ್ಟ್ ಮಾಡುವಾಗಲೂ ಇದೇ ನಿಯಮ.

ರೂಟರಿನ 12 ವೋಲ್ಟನ್ನೂ ಕಾರಿನ 12 ವೋಲ್ಟನ್ನೂ ನೇರ ಕೂಡಿಸಬೇಡಿ

ರೂಟರ್, ಸಿಸಿ ಕ್ಯಾಮೆರಾ, ಸೆಟ್‌ಟಾಪ್ ಬಾಕ್ಸ್, ಸಣ್ಣ ಮಾನಿಟರ್ ಇವುಗಳ ಅಡಾಪ್ಟರಿನ ಮೇಲೂ 12 ವೋಲ್ಟ್ ಎಂದೇ ಇರುತ್ತದೆ. ಅದನ್ನು ನೋಡಿ, ಲೈಟರ್ ಪ್ಲಗ್ಗಿಗೆ ಒಂದು ಗುಂಡು ಪಿನ್ನಿನ ತಂತಿ ಬೆಸೆದು ನೇರ ಕೊಡುವವರು ಬಹಳ. ಮೊದಲ ದಿನ ಓಡುತ್ತದೆ, ವಾರವೂ ಓಡಬಹುದು; ಅಪಾಯ ಇರುವುದೇ ಅಲ್ಲಿ. ಆಮೇಲೊಂದು ದಿನ ಸತ್ತಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ನಡುವೆ ಡಿಸಿ–ಡಿಸಿ ಕನ್ವರ್ಟರ್ ಇರಲೇಬೇಕು: ಒಳಬರುವುದು 9 ಇರಲಿ, 15 ಇರಲಿ, ಹೊರಹೋಗುವುದು 12 ಮಾತ್ರ ಆಗಿರುವಂಥದ್ದು. ಬರೀ ಇಳಿಸುವ ಕನ್ವರ್ಟರ್ ಇದಕ್ಕೆ ಸಾಲದು, ಇಳಿಸಿ ಏರಿಸಿ ಎರಡೂ ಮಾಡುವುದು ಬೇಕು.

ಕೊಳ್ಳುವಾಗ ಹೊರಗಿನ ಬಣ್ಣ ಬಿಟ್ಟು ಒಳಬರುವ ವೋಲ್ಟೇಜಿನ ಮೇಲ್ಮಿತಿ ನೋಡಿ. ಬರೀ '12 ವೋಲ್ಟ್' ಎಂದಿದ್ದರೆ ಬೇಡ. '12–24' ಎಂದಿದ್ದರೆ ಪರವಾಗಿಲ್ಲ, '9–32' ಅಥವಾ '9–36' ಇದ್ದರೆ ಒಳ್ಳೆಯದು. ಉಲ್ಟಾ ಜೋಡಣೆಗೂ ಚಿಮ್ಮುಗಳಿಗೂ ರಕ್ಷಣೆ ಇದೆಯೇ ಎಂದು ಕೇಳಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಬೇರೆ ಅಂಗಡಿ ನೋಡಿ. ಐವತ್ತು, ನೂರು ರೂಪಾಯಿಯ ಚಾರ್ಜರನ್ನು ಐವತ್ತು ಸಾವಿರದ ಲ್ಯಾಪ್‌ಟಾಪಿಗೆ ಜೋಡಿಸಬೇಡಿ.

ಲ್ಯಾಪ್‌ಟಾಪ್ ಟೈಪ್–ಸಿಯಿಂದ ಚಾರ್ಜ್ ಆಗುವಂಥದ್ದಾದರೆ ಕಾರಿನ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಸಾಕು. 65 ವಾಟ್ ಎಂದರೆ 20 ವೋಲ್ಟಿನಲ್ಲಿ 3.25 ಆಂಪಿಯರ್, ಬ್ಯಾಟರಿಯ ಕಡೆಯಿಂದ ಎಳೆತ 6 ಆಂಪಿಯರಿನ ಹತ್ತಿರ. ಪೆಟ್ಟಿಗೆಯ ಮೇಲಿನ ವಾಟ್ ಎರಡೂ ರಂಧ್ರಗಳನ್ನು ಕೂಡಿಸಿ ಬರೆದದ್ದೋ, ಒಂದರದ್ದೋ ಎಂದು ಓದಿ ನೋಡಿ. ಇದಕ್ಕಿಂತಲೂ ಭದ್ರವಾದ ದಾರಿ ಒಂದಿದೆ: ಕಾರು ಪವರ್ ಬ್ಯಾಂಕನ್ನು ತುಂಬಲಿ, ನಿಮ್ಮ ಯಂತ್ರ ಆಮೇಲೆ ಪವರ್ ಬ್ಯಾಂಕಿನಿಂದ ಓಡಲಿ. ಕಾರಿನ ಏಟು ಬಿದ್ದರೆ ಪವರ್ ಬ್ಯಾಂಕಿಗೆ ಬೀಳುತ್ತದೆ. ಧ್ವನಿಮುದ್ರಣದವರಿಗೆ, ರಾತ್ರಿ ದೂರದರ್ಶಕ ಹೂಡುವ ಖಗೋಳದ ಹವ್ಯಾಸಿಗಳಿಗೆ ನಾನು ಬೇರೆ ಯಾವ ದಾರಿಯನ್ನೂ ಹೇಳುವುದಿಲ್ಲ.

ಲೈಟರ್ ಸಾಕೆಟ್ಟಿನ ಮಿತಿ ಮೀರಬೇಡಿ

ಆ ಸಾಕೆಟ್ಟಿನ ಫ್ಯೂಸು ಕಾರಿಗೆ ತಕ್ಕಂತೆ 10, 15 ಅಥವಾ 20 ಆಂಪಿಯರ್. ಅನೇಕ ಕಾರುಗಳಲ್ಲಿ ಮುಚ್ಚಳದ ಮೇಲೆಯೇ 120 ವಾಟ್ ಎಂದು ಬರೆದಿರುತ್ತದೆ. 150 ವಾಟಿನ ಇನ್ವರ್ಟರ್ ಪೂರ್ತಿ ಎಳೆದರೆ, ಅದರೊಳಗಿನ ನಷ್ಟ ಸೇರಿ, 15 ಆಂಪಿಯರಿನ ಹತ್ತಿರ. ಫ್ಯೂಸು ಹೋದರೆ ಅದೇ ಅಳತೆಯದ್ದನ್ನೇ ಹಾಕಿ. ದೊಡ್ಡದು ಹಾಕಬೇಡಿ, ಸಿಗರೇಟಿನ ಬೇಗಡೆ ಸುತ್ತಬೇಡಿ, ತಂತಿಯ ಎಳೆ ಕಟ್ಟಬೇಡಿ. ಫ್ಯೂಸು ಇರುವುದು ಕಾರಿನ ವೈರು ಹೊತ್ತಿಕೊಳ್ಳದಿರಲಿ ಎಂದು. ಅದನ್ನು ಮೋಸ ಮಾಡಿದರೆ ಸುಡುವುದು ಡ್ಯಾಶ್‌ಬೋರ್ಡಿನ ಹಿಂದೆ, ನಿಮ್ಮ ಕೈಗೆ ಸಿಗದ ಜಾಗದಲ್ಲಿ. ಒಂದೇ ಸಾಕೆಟ್ಟಿಗೆ ಮೂರು ಕವಲಿನ ಪ್ಲಗ್ ಹಾಕಿದರೂ ಮಿತಿ ಮೂರು ಪಟ್ಟು ಆಗುವುದಿಲ್ಲ.

ಹೆಚ್ಚು ಬೇಕಾದವರು ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆಸಿ. ಪ್ಲಸ್ ತಂತಿಯಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು ಬರಲೇಬೇಕು. ಎಂಜಿನ್ ಕೋಣೆಯ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ತಂತಿ ತೂರಿಸಬೇಡಿ. ತಂತಿ ದಪ್ಪವಿರಲಿ: ಒಂದೂವರೆ ಎಂಎಂ ವೈರಿನಲ್ಲಿ 10 ಆಂಪಿಯರ್ ನಾಲ್ಕು ಮೀಟರ್ ಹೋಗಿ ಬಂದರೆ ದಾರಿಯಲ್ಲೇ ಒಂದು ವೋಲ್ಟಿನಷ್ಟು ಕರಗುತ್ತದೆ. ಟೇಪು ಸುತ್ತಿದ ಕೈಹೊಸೆತ ಸಾಲದು, ಲಗ್ ಹಾಕಿ ಕ್ರಿಂಪ್ ಮಾಡಿಸಿ.

ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡಿ, ಅದಕ್ಕೆ ಅಡಾಪ್ಟರ್ ಹಾಕಿ ಮತ್ತೆ 19 ವೋಲ್ಟಿಗೆ ಇಳಿಸುವ ಸುತ್ತುದಾರಿ ಆದಷ್ಟು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಶುದ್ಧ ಸೈನ್ ಅಲೆಯದ್ದನ್ನೇ ಕೊಳ್ಳಿ. ಚೌಕ ಅಲೆಯ ಅಗ್ಗದ ಇನ್ವರ್ಟರಿನಲ್ಲಿ ಕೆಲವು ಅಡಾಪ್ಟರುಗಳು ಕಾದು ಗುಂಯ್‌ಗುಡುತ್ತವೆ, ವೈದ್ಯಕೀಯ ಯಂತ್ರಗಳು ಎಚ್ಚರಿಕೆಯ ಸದ್ದು ಮಾಡಿ ನಿಂತುಬಿಡಬಹುದು.

ಡ್ಯಾಶ್‌ಕ್ಯಾಮ್ ಕೂರಿಸುವಾಗ

ಮುಂಗಾಜಿನ ಪಕ್ಕದ ಕಂಬದ ಅಂಚಿನಲ್ಲಿ ತಂತಿ ಅಡಗಿಸುವಾಗ ಅಲ್ಲಿ ಪರದೆ (ಕರ್ಟನ್) ಏರ್‌ಬ್ಯಾಗ್ ಇದೆಯೇ ಎಂದು ಮೊದಲು ನೋಡಿ. ಇದ್ದರೆ ತಂತಿ ಅದರ ಹಿಂದೆ ಹೋಗಬೇಕು, ಎಂದಿಗೂ ಮುಂದೆ ಅಲ್ಲ. ಹಳದಿ ಕನೆಕ್ಟರ್, ಹಳದಿ ತೋಳು ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್ ಇವುಗಳ ಫ್ಯೂಸಿನಿಂದ ಕರೆಂಟು ಕದಿಯಬೇಡಿ. ಸ್ಟೀರಿಯೊ ಅಥವಾ ಲೈಟರ್ ಸಾಕೆಟ್ಟಿನ ಫ್ಯೂಸಿನಿಂದ, ಅದಕ್ಕೆಂದೇ ಸಿಗುವ ಕವಲು ಫ್ಯೂಸ್ ಹೋಲ್ಡರ್ ಹಾಕಿ ತೆಗೆದುಕೊಳ್ಳಿ. ಸ್ಟೀರಿಂಗಿನ ಕೆಳಗಿನ, ಕಾರಿನ ದೋಷ ಓದುವ ಒಬಿಡಿ ಸಾಕೆಟ್ಟಿನ 16ನೇ ಪಿನ್ನಿನಲ್ಲಿ ಸದಾ ಬ್ಯಾಟರಿ ಇರುತ್ತದೆ. ಅಲ್ಲಿಗೆ ಸಿಕ್ಕಿಸಿದ್ದು ಕಾರು ಮಲಗಿದ್ದಾಗಲೂ ಕುಡಿಯುತ್ತಿರುತ್ತದೆ.

ನಿಂತ ಕಾರನ್ನು ಕಾಯುವ ಡ್ಯಾಶ್‌ಕ್ಯಾಮ್ 0.3 ಆಂಪಿಯರ್ ಎಳೆದರೂ ದಿನಕ್ಕೆ 7 ಆಂಪಿಯರ್–ಗಂಟೆ ದಾಟಿತು. ಚಿಕ್ಕ ಕಾರಿನ 35 ಆಂಪಿಯರ್–ಗಂಟೆಯ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಖಾಲಿ. ವಿಮಾನ ನಿಲ್ದಾಣದಲ್ಲಿ ಬಿಟ್ಟುಹೋದವರು ವಾಪಸ್ಸು ಬಂದಾಗ ಸೆಲ್ಫ್ ತಿರುಗದಿರುವುದು ಹೀಗೆ. ಈ ಬ್ಯಾಟರಿ ಆಳಕ್ಕೆ ಖಾಲಿಯಾದರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿಯ ಮೊದಲಿನ ಶಕ್ತಿ ಮತ್ತೆ ಪೂರ್ತಿ ಬರುವುದಿಲ್ಲ. 12.2 ವೋಲ್ಟಿಗೆ ತಾನೇ ಕಡಿಯುವ ವ್ಯವಸ್ಥೆ ಇಲ್ಲದೆ ಪಾರ್ಕಿಂಗ್ ಮೋಡ್ ಹಾಕಬೇಡಿ. ಇನ್ನು ಬಿಸಿಲು: ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗಾಜು ಮುಚ್ಚಿದ ಕಾರಿನ ಒಳಗೆ ಅದು ಬೇಗನೇ ಮೀರುತ್ತದೆ. ಅಲ್ಲಿಯವರು ಲಿಥಿಯಂ ಬದಲು ಕೆಪಾಸಿಟರ್ ಇರುವ ಡ್ಯಾಶ್‌ಕ್ಯಾಮ್ ಕೊಳ್ಳಿ. ಪವರ್ ಬ್ಯಾಂಕನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಯಾರೂ ಇಳಿಯಬೇಡಿ.

ಉಸಿರಿನ ಯಂತ್ರ ಕಾರಿನಲ್ಲಿದ್ದರೆ

ಇಲ್ಲಿ ಸಡಿಲಿಕೆ ಇಲ್ಲ. ಮನೆಯಲ್ಲಿಡುವ ಐದು ಲೀಟರಿನ ಆಮ್ಲಜನಕ ಕಾನ್ಸಂಟ್ರೇಟರ್ 300–350 ವಾಟ್ ಎಳೆಯುತ್ತದೆ. ಇನ್ವರ್ಟರಿನ ಮೂಲಕ ಓಡಿಸಿದರೆ ಬ್ಯಾಟರಿಯ ಕಡೆಯಿಂದ 30 ಆಂಪಿಯರಿಗೂ ಹೆಚ್ಚು. ಅದನ್ನು ಲೈಟರ್ ಸಾಕೆಟ್ಟಿಗೆ ಹಾಕಬೇಡಿ. ಅರ್ಧ ದಾರಿಯಲ್ಲಿ ಫ್ಯೂಸು ಹೋದರೆ ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೆ ಉಸಿರು ಎಲ್ಲಿಂದ? ಅಂಥವರನ್ನು ಕರೆದೊಯ್ಯಲು ಸಿಲಿಂಡರ್ ಇರುವ ವಾಹನ ಬೇಕು. 108ಕ್ಕೆ ಕರೆ ಮಾಡಿ.

ಹೆಗಲಿಗೆ ಹಾಕುವ ಚಿಕ್ಕ ಯಂತ್ರವಾದರೆ ಅದೇ ಕಂಪನಿಯ ಕಾರಿನ ತಂತಿಯನ್ನೇ ಬಳಸಿ. ಹೊರಡುವ ಹಿಂದಿನ ದಿನವೇ ಕಾರಿನಲ್ಲಿ ಕೂತು, ವೈದ್ಯರು ಹೇಳಿದ ಮಟ್ಟದಲ್ಲಿ ಅರ್ಧ ಗಂಟೆ ಓಡಿಸಿ ನೋಡಿ. ಬ್ಯಾಟರಿ ತುಂಬಿಕೊಳ್ಳುತ್ತಾ ಮೇಲಿನ ಮಟ್ಟದಲ್ಲಿ ಓಡುವಾಗ ಕೆಲವು ಯಂತ್ರಗಳು 120 ವಾಟಿನವರೆಗೆ ಎಳೆಯುತ್ತವೆ. 10 ಆಂಪಿಯರಿನ ಫ್ಯೂಸು ಆಗ ಅಂಚಿನಲ್ಲಿ ನಿಂತಿರುತ್ತದೆ. ಅದೇ ಅಳತೆಯ ಎರಡು ಬಿಡಿ ಫ್ಯೂಸು, ತುಂಬಿದ ಒಂದು ಬಿಡಿ ಬ್ಯಾಟರಿ ಕೈಗೆ ಸಿಗುವಂತೆ ಇರಲಿ. ಚಾರ್ಜ್ ಆಗುತ್ತಿದೆ ಎಂಬ ಗುರುತನ್ನು ಆಗಾಗ ನೋಡಲು ಪಕ್ಕದಲ್ಲಿ ಒಬ್ಬರು ಕೂರಲೇಬೇಕು, ಚಾಲಕರಿಗೆ ಆ ಕೆಲಸ ಹೊರಿಸಬೇಡಿ. ಪೆಟ್ರೋಲ್ ಬಂಕಿಗೆ ಹೋಗುವ ಮುಂಚೆ ತಂತಿ ತೆಗೆದು ಯಂತ್ರವನ್ನು ಅದರ ಬ್ಯಾಟರಿಗೆ ಬಿಡಿ. ಆಮ್ಲಜನಕ ಇರುವ ಕಾರಿನಲ್ಲಿ ಬೀಡಿ, ಸಿಗರೇಟು, ಊದುಬತ್ತಿ ಯಾವುದೂ ಬೇಡ.

ಇನ್ಸುಲಿನ್ ಒಯ್ಯುವವರು ಕಾರಿಗೆ ಸಿಕ್ಕಿಸುವ ತಣ್ಣನೆಯ ಡಬ್ಬಿಯನ್ನು ನೆಚ್ಚಬೇಡಿ. ಅಗ್ಗದವು ಹೊರಗಿನ ಬಿಸಿಗಿಂತ ಹದಿನೈದು, ಇಪ್ಪತ್ತು ಡಿಗ್ರಿ ಮಾತ್ರ ಇಳಿಸುತ್ತವೆ. 40 ಡಿಗ್ರಿಯ ದಿನ ಒಳಗೆ 20ರಿಂದ 25 ಇರುತ್ತದೆ, ತೆರೆಯದ ಇನ್ಸುಲಿನ್ನಿಗೆ ಬೇಕಾದ್ದು 2ರಿಂದ 8. ಐಸ್ ಪ್ಯಾಕ್ ಇಟ್ಟ ಥರ್ಮೊಕೋಲ್ ಡಬ್ಬಿ ಇದಕ್ಕಿಂತ ಮೇಲು. ಔಷಧಿ ಐಸಿಗೆ ತಾಗದಂತೆ ನಡುವೆ ಬಟ್ಟೆ ಇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಕರೆಂಟು ಹೋದ ರಾತ್ರಿ

ಮಲೆನಾಡಿನಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಕಾರೇ ಆಸರೆ, ಒಪ್ಪತಕ್ಕದ್ದೇ. ಆದರೆ ಮುಚ್ಚಿದ ಶೆಡ್ಡಿನಲ್ಲಿ, ಮನೆಗೆ ಅಂಟಿದ ಗ್ಯಾರೇಜಿನಲ್ಲಿ, ಜಗಲಿಯ ಕಿಟಕಿಯ ಪಕ್ಕದಲ್ಲಿ ಎಂಜಿನ್ ಓಡಿಸಿ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕಾರನ್ನು ಬಯಲಿಗೆ ತನ್ನಿ, ಹೊಗೆ ಕೊಳವೆ ಮನೆಯಿಂದ ದೂರಕ್ಕೆ ಮುಖ ಮಾಡಿರಲಿ, ಒಳಗೆ ಯಾರೂ ಮಲಗಬೇಡಿ. ಪೇಟೆಗೆ ಹೋಗಿ ಬರುವ ದಾರಿಯಲ್ಲೇ ಪವರ್ ಬ್ಯಾಂಕ್ ತುಂಬಿಸಿಕೊಂಡರೆ ಇದೊಂದೂ ಬೇಡ.

ವಿದ್ಯುತ್ ಕಾರಿನವರೂ ಹೈಬ್ರಿಡ್‌ನವರೂ ವಾಹನ 'ರೆಡಿ' ಸ್ಥಿತಿಯಲ್ಲಿದ್ದಾಗಲೇ 12 ವೋಲ್ಟಿನ ಸಾಕೆಟ್ ಬಳಸಿ, ಆಗ ದೊಡ್ಡ ಬ್ಯಾಟರಿಯೇ ಚಿಕ್ಕದನ್ನು ತುಂಬುತ್ತಿರುತ್ತದೆ. ಕಿತ್ತಳೆ ಬಣ್ಣದ ಕೇಬಲ್ಲಿಗೆ ಮಾತ್ರ ನೀವೂ ಕೈ ಹಾಕಬೇಡಿ, ಊರಿನ ಎಲೆಕ್ಟ್ರಿಷಿಯನ್ ಕೈಯನ್ನೂ ಹಾಕಿಸಬೇಡಿ. ಅದರಲ್ಲಿರುವುದು ಕೊಲ್ಲುವ ವೋಲ್ಟೇಜು.

ಕಡೆಗೆ ಎಲ್ಲರಿಗೂ ಎರಡು ಮಾತು. ಹೊಸ ಚಾರ್ಜರ್ ತಂದ ದಿನ ಒಂದು ಪರೀಕ್ಷೆ ಮಾಡಿ. ಬೆಂಗಳೂರಿನವರಾದರೆ ಎಫ್‌ಎಂನಲ್ಲಿ 101.3 ಹಚ್ಚಿ, ಎಎಂ ಇದ್ದರೆ 612ಕ್ಕೆ ತಿರುಗಿಸಿ, ಆಮೇಲೆ ಚಾರ್ಜರ್ ಸಿಕ್ಕಿಸಿ. ಆಕಾಶವಾಣಿಯ ದನಿ ಗೊರಗುಟ್ಟಿ ಮುಚ್ಚಿಹೋದರೆ ಆ ಚಾರ್ಜರಿನಲ್ಲಿ ಸೋಸುವ ಭಾಗವನ್ನೇ ಉಳಿತಾಯ ಮಾಡಿದ್ದಾರೆ ಎಂದರ್ಥ. ಅದು ಜಿಪಿಎಸ್ಸನ್ನೂ ಕೆಡಿಸಬಹುದು, ಅಂಗಡಿಗೆ ವಾಪಸ್ಸು ಕೊಡಿ.

ಕಾರನ್ನು ಟಿಂಕರಿಂಗಿಗೆ ಬಿಡುವ ಮುನ್ನ ಡ್ಯಾಶ್‌ಕ್ಯಾಮ್, ಜಿಪಿಎಸ್, ಚಾರ್ಜರ್ ಎಲ್ಲವನ್ನೂ ಬಿಚ್ಚಿ ಮನೆಗೆ ತನ್ನಿ. ಬಾಡಿಗೆ ವೆಲ್ಡಿಂಗ್ ಮುಟ್ಟಿಸುವ ಮೊದಲು ಬ್ಯಾಟರಿಯ ತಂತಿ ಕಳಚಬೇಕು ಎಂದು ಮಿಸ್ತ್ರಿಗೆ ಬಾಯಲ್ಲಿ ಹೇಳಿ, ಜಾಬ್ ಕಾರ್ಡಿನಲ್ಲೂ ಬರೆಸಿ.